ಗಾಳಿ ತೆಗೆಯುವ ಕೆಲಸ

24 ಜುಲೈ 2025, ಗುರುವಾರ. ತೀರ್ಥಹಳ್ಳಿ

ಬೆಳಗಿನಿಂದ ಬಿಡುವಿಲ್ಲದ ಮಳೆ. ಭೀಮನ ಅಮಾವಾಸ್ಯೆಯ ಪೂಜೆ ಮುಗಿಸಿ ಗ್ಯಾರೇಜಿನ ಬಾಗಿಲು ತೆಗೆಯುವ ಹೊತ್ತಿಗೆ ಮೀನಿನ ಪಿಕಪ್ ಬಂದು ನಿಂತಿತ್ತು. ಮಲ್ಪೆಯಿಂದ ಮೀನು ತಂದು ನಮ್ಮ ಕಡೆಯ ಸಂತೆಗಳಿಗೆ ಹಾಕುವವರ ಗಾಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಈ ಗಾಡಿಗೂ ಈಗ ಕೆಲಸ ಕಮ್ಮಿ, ರಿಪೇರಿಗೆಲ್ಲ ಇದೇ ಕಾಲ.

"ಬ್ರೇಕ್ ಹಿಡೀತದೆ ಮೇಸ್ತ್ರಿ, ಇಲ್ಲ ಅನ್ನೋ ಹಾಗಿಲ್ಲ. ಆದ್ರೆ ಇಳಿಜಾರಲ್ಲಿ ಪೆಡಲ್ ಮೇಲೆ ಕಾಲಿಟ್ಟು ನಿಂತ್ಕೊಂಡ್ರೆ ಮೆಲ್ಲಗೆ ಕೆಳಗೆ ಹೋಗ್ತದೆ. ಬಿಟ್ಟು ಇನ್ನೊಂದ್ಸಲ ಒತ್ತಿದ್ರೆ ಸರಿ ಆಗ್ತದೆ" ಅಂದರು ಯಜಮಾನರು.

ಅಷ್ಟು ಕೇಳಿದ ಮೇಲೆ ಅರ್ಧ ತಿಳಿದ ಹಾಗೆಯೇ. ಇಂಜಿನ್ ಸ್ಟಾರ್ಟ್ ಮಾಡಿ ಪೆಡಲನ್ನು ಹದವಾಗಿ ಒತ್ತಿ ಹಿಡಿದೆ. ಮೊದಲು ಗಟ್ಟಿಯಾಗಿ ನಿಂತಿತು, ಆಮೇಲೆ ಸದ್ದಿಲ್ಲದೆ ನೆಲದ ಕಡೆ ಇಳಿಯಿತು. ಹಿಂದಿನ ಡ್ರಮ್ ಬಿಚ್ಚಿ ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿದೆವು, ಒಳಗೆ ಒಣಗಿದೆ. ಮುಂದಿನ ಕ್ಯಾಲಿಪರಿನಲ್ಲೂ ಪಸೆಯಿಲ್ಲ. ಹೋಸ್ ಪೈಪುಗಳಲ್ಲಿ ಬಿರುಕಿಲ್ಲ. ಚಕ್ರದ ಕಡೆ ಎಲ್ಲೂ ಸೋರದೆ ಪೆಡಲ್ ಇಳಿಯುತ್ತಿದೆ ಎಂದರೆ ಮಾಸ್ಟರ್ ಸಿಲಿಂಡರಿನ ಒಳಗೇ ಆಯಿಲ್ ಪಿಸ್ಟನ್ನಿನ ರಬ್ಬರ್ ಬಕೆಟ್ ವಾಷರನ್ನು ದಾಟಿ ಹಿಂದಕ್ಕೆ ಜಾರುತ್ತಿದೆ. ಬೂಸ್ಟರಿಗೆ ಸಿಲಿಂಡರ್ ಕೂಡುವ ಜಾಗದಲ್ಲಿ ಕೆಳಗಿನಿಂದ ಬೆರಳಾಡಿಸಿದೆ. ಬೂಸ್ಟರಿನ ಕಪ್ಪು ಪೇಂಟ್ ಗುಳ್ಳೆ ಎದ್ದಿತ್ತು, ಉಗುರು ತಾಗಿದ್ದೇ ತಡ ಪದರ ಪದರವಾಗಿ ಕಳಚಿ ಬಂತು. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಹಿಂದಿನ ಸೀಲೂ ಹೋಗಿದೆ, ಅನುಮಾನವೇ ಇಲ್ಲ.

ಟ್ಯಾಂಕಿಯ ಮುಚ್ಚಳ ತೆಗೆದು ಅದರ ಒಳಗಿನ ರಬ್ಬರನ್ನು ನೋಡಿದೆ. ಯಾರಾದರೂ ಗೊತ್ತಿಲ್ಲದೆ ಇಂಜಿನ್ ಆಯಿಲನ್ನೋ ಸ್ಟೀರಿಂಗ್ ಆಯಿಲನ್ನೋ ಸುರಿದಿದ್ದರೆ ಈ ರಬ್ಬರು ಮೊದಲು ಊದಿಕೊಂಡು ಸುದ್ದಿ ಹೇಳುತ್ತದೆ. ಆಗ ಮಾಸ್ಟರ್ ಸಿಲಿಂಡರ್ ಒಂದರಿಂದ ಮುಗಿಯುವುದಿಲ್ಲ. ನಾಲ್ಕು ಚಕ್ರದ ಸೀಲು, ಹೋಸು, ಎಲ್ಲ ಬದಲಿಸಬೇಕು. ಸದ್ಯ, ರಬ್ಬರ್ ಆಕಾರ ಕೆಡದೆ ಗಟ್ಟಿಯಾಗಿದೆ. ಆಯಿಲ್ ಮಾತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ.

ಗಾಡಿ ಇಲ್ಲೇ ಇರಲಿ ಎಂದೆ. ಯಜಮಾನರು ಮನಸ್ಸಿಲ್ಲದ ಮನಸ್ಸಿನಿಂದ ಕೀಲಿ ಕೊಟ್ಟು ಬಸ್ಸಿಗೆ ಹೋದರು.

25 ಜುಲೈ, ಶುಕ್ರವಾರ

ಸಿಲಿಂಡರ್ ಬಿಚ್ಚಿದೆವು. ಪೈಪ್ ನಟ್ಟುಗಳು ಉಪ್ಪುನೀರಿಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಮೀನಿನ ಬಾಕ್ಸಿನಿಂದ ಸೋರುವ ಐಸ್ ನೀರು ಈ ಗಾಡಿಗಳ ಕೆಳಭಾಗವನ್ನೆಲ್ಲ ತಿಂದು ಹಾಕುತ್ತದೆ. ಗ್ಯಾರೇಜಿನ ಹುಡುಗ ಮಾಮೂಲಿ ಓಪನ್ ಸ್ಪ್ಯಾನರ್ ತೆಗೆದುಕೊಂಡು ಬಂದ, ಅಲ್ಲೇ ತಡೆದೆ. ಪೈಪ್ ನಟ್ಟು ಮೆತ್ತಗಿನದು. ಎರಡೇ ಮೂಲೆಗೆ ಬಲ ಬಿದ್ದರೆ ಉರುಟಾಗಿಬಿಡುತ್ತದೆ, ಆಮೇಲೆ ಪೈಪನ್ನೇ ಕತ್ತರಿಸಬೇಕು. ಪೈಪ್ ನುಗ್ಗುವಷ್ಟು ಬಾಯಿ ಬಿಟ್ಟಿರುವ ರಿಂಗ್ ಸ್ಪ್ಯಾನರನ್ನು ಇದೇ ಕೆಲಸಕ್ಕೆಂದು ಬೇರೆ ಇಟ್ಟಿದ್ದೇನೆ. ತುಕ್ಕಿಗೆ ಮದ್ದು ಹಾಕಿ ಒಂದು ಚಹಾ ಕುಡಿದು ಬಂದ ಮೇಲೆ ಎರಡೂ ನಟ್ಟು ಬಂದವು. ಬಂದ ತಕ್ಷಣ ಪೈಪಿನ ಬಾಯಿಗೆ ರಬ್ಬರ್ ಟೊಪ್ಪಿ. ಮಳೆಗಾಲದ ಗಾಳಿಯನ್ನು ಆ ಪೈಪು ಒಂದು ಗಳಿಗೆಯೂ ಕುಡಿಯಬಾರದು.

ಮಧ್ಯಾಹ್ನ ಯಜಮಾನರ ಫೋನ್. "ಹೊಸದು ಯಾಕೆ ಮಾರಾಯ್ರೆ, ಕಿಟ್ ಹಾಕಿ ಬಿಡಿ. ನನ್ನ ಅಪ್ಪನ ಜೀಪಿಗೆ ಎಷ್ಟು ಸಲ ಕಿಟ್ ಹಾಕಿದ್ರಿ ನೀವೇ."

ಹಾಕಿದ್ದು ಹೌದು. ಆ ಸಿಲಿಂಡರು ಬೀಡು ಕಬ್ಬಿಣದ್ದು. ಬೋರ್ ಸ್ವಲ್ಪ ಒರಟಾದರೆ ಹೋನಿಂಗ್ ಮಾಡಿ, ತೊಳೆದು, ಹೊಸ ಬಕೆಟ್ ಕೂರಿಸಿದರೆ ನಡೆಯುತ್ತಿತ್ತು. ಈಗಿನದು ಅಲ್ಯೂಮಿನಿಯಂ. ಬೋರಿನ ಒಳಮೈಗೆ ಅನೊಡೈಸ್ ಮಾಡಿದ ತೆಳು ಗಟ್ಟಿ ಪದರ ಇರುತ್ತದೆ. ಹೋನಿಂಗ್ ಕಲ್ಲು ಆಡಿಸಿದರೆ ಮೊದಲು ಹೋಗುವುದೇ ಆ ಪದರ. ಮೇಲ್ನೋಟಕ್ಕೆ ಹೊಳೆಯುತ್ತದೆ, ಕೆಲವೇ ತಿಂಗಳಲ್ಲಿ ಮೆತ್ತಗಿನ ಲೋಹ ಸವೆದು ಮತ್ತೆ ಅದೇ ಕಥೆ. ಫೋನಿನಲ್ಲಿ ಇದನ್ನೆಲ್ಲ ಹೇಳಿ ನಂಬಿಸುವುದು ಕಷ್ಟ. ಸಂಜೆ ಬನ್ನಿ, ತೋರಿಸುತ್ತೇನೆ ಎಂದೆ.

ಬಂದರು. ಲಾಕ್ ತೆಗೆದು ಎರಡೂ ಪಿಸ್ಟನ್ ಹೊರಗೆಳೆದೆ. ಟಾರ್ಚ್ ಬಿಟ್ಟು ಬೋರಿನೊಳಗೆ ನೋಡಿ ಎಂದೆ. ತಳದಲ್ಲಿ ನೀರು ನಿಂತು ಕಪ್ಪು ಚುಕ್ಕೆಗಳಾಗಿದ್ದವು, ಪಿಸ್ಟನ್ ಓಡಾಡುವ ಜಾಗದಲ್ಲಿ ಉದ್ದಕ್ಕೆ ಒಂದು ಗೀರು. ಮರದ ಕಡ್ಡಿಯ ತುದಿಯನ್ನು ಅವರ ಕೈಗೆ ಕೊಟ್ಟು ಆಡಿಸಲು ಹೇಳಿದೆ. ಗೀರಿನ ಹತ್ತಿರ ಕಡ್ಡಿ ತಡೆದು ನಿಂತಿತು. ಬಕೆಟ್ ವಾಷರಿನ ತುಟಿಯಲ್ಲಿ ಅದೇ ಜಾಗಕ್ಕೆ ಒಂದು ಸೀಳು. ಸ್ವಲ್ಪ ಹೊತ್ತು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದರು. "ಹೊಸದೇ ಹಾಕಿ" ಎಂದರು.

ಜೀಪಿನ ಮಾತು ಬಂತಲ್ಲ, ಅದು ತಲೆಯಲ್ಲೇ ಉಳಿದಿದೆ. ಹಳೇ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರು ಡ್ರೈವರನ ಕಾಲ ಕೆಳಗೆ, ಚಾಸಿಗೆ ಅಂಟಿಕೊಂಡು, ಕೆಸರಿನಲ್ಲಿ ಇರುತ್ತಿತ್ತು. ಒಂದೇ ಪಿಸ್ಟನ್, ಒಂದೇ ಲೈನು. ಎಲ್ಲಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಈಗಿನದರಲ್ಲಿ ಒಂದರ ಹಿಂದೆ ಒಂದು ಎರಡು ಪಿಸ್ಟನ್, ಎರಡು ಬೇರೆ ಬೇರೆ ಲೈನು. ಈ ಪಿಕಪ್ಪಿನಲ್ಲಿ ಮುಂದಿನ ಚಕ್ರಗಳಿಗೆ ಒಂದು, ಹಿಂದಿನವಕ್ಕೆ ಒಂದು. ಒಂದು ಹೋದರೂ ಇನ್ನೊಂದು ಗಾಡಿಯನ್ನು ನಿಲ್ಲಿಸುತ್ತದೆ. ಅಮೆರಿಕದಲ್ಲಿ 1968ರಿಂದ ಕಾರುಗಳಿಗೆ ಇದನ್ನು ಕಾನೂನೇ ಮಾಡಿದರು. ಎಷ್ಟು ಜೀವ ಉಳಿಸಿದ ವಿದ್ಯೆ ಇದು! ಬೋನೆಟ್ ಎತ್ತಿದಾಗಲೆಲ್ಲ ನನಗೆ ಇದರ ಮೇಲೆ ಗೌರವ ಹುಟ್ಟುತ್ತದೆ.

26 ಜುಲೈ, ಶನಿವಾರ

ಶಿವಮೊಗ್ಗಕ್ಕೆ ಹೋಗಿಬಂದೆ. ಹಳೆಯ ಸಿಲಿಂಡರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೊತೆಗೇ ಒಯ್ದಿದ್ದೆ. ಗಾಡಿಯ ಹೆಸರು ಬಾಯಲ್ಲಿ ಹೇಳಿ ಮಾಸ್ಟರ್ ಸಿಲಿಂಡರ್ ಕೊಳ್ಳಬಾರದು. ಅದೇ ಗಾಡಿಗೆ ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ಬಂದಿರುತ್ತದೆ.

ಮೊದಲ ಅಂಗಡಿಯಲ್ಲಿ ಕೊಟ್ಟದ್ದು ನೋಡಲು ಥೇಟ್ ಅದೇ. ಬೋಲ್ಟಿನ ತೂತುಗಳ ಅಂತರ ಒಂದೇ, ಪೈಪ್ ಬರುವ ಕಡೆಯೂ ಒಂದೇ. ವರ್ನಿಯರ್ ಹಿಡಿದಾಗ ಗೊತ್ತಾಯಿತು. ನಮ್ಮದು 23.8 ಮಿ.ಮೀ., ಅಂದರೆ ಇಂಚಿನ ಹದಿನಾರು ಪಾಲಿನಲ್ಲಿ ಹದಿನೈದು. ಅವರದ್ದು 20.6, ಹದಿನಾರರಲ್ಲಿ ಹದಿಮೂರು. "ಕೂರುತ್ತೆ ಅಣ್ಣ, ಪೆಡಲ್ ಇನ್ನೂ ಮೆತ್ತಗಾಗುತ್ತೆ, ಕಸ್ಟಮರ್ ಖುಷಿ ಆಗ್ತಾರೆ" ಎಂದ ಕೌಂಟರಿನ ಹುಡುಗ. ಕೂರುವುದು ಹೌದು, ಮೆತ್ತಗಾಗುವುದೂ ಹೌದು. ಆದರೆ ಹದಿಮೂರರ ವರ್ಗ 169, ಹದಿನೈದರ ವರ್ಗ 225. ಪಿಸ್ಟನ್ ಅಷ್ಟೇ ದೂರ ಹೋದರೂ ತಳ್ಳುವ ಆಯಿಲ್ ಕಾಲು ಭಾಗ ಕಮ್ಮಿ. ಲೈನರ್ ಸವೆದಾಗ, ಇಲ್ಲವೇ ಎರಡರಲ್ಲಿ ಒಂದು ಲೈನ್ ಒಡೆದಾಗ, ಉಳಿದ ಬ್ರೇಕ್ ಹಿಡಿಯುವ ಮುಂಚೆಯೇ ಪೆಡಲ್ ನೆಲ ಮುಟ್ಟುತ್ತದೆ. ಮೆತ್ತಗಿನ ಪೆಡಲಿನ ಸುಖ ಅಲ್ಲಿಗೆ ಮುಗಿಯಿತು. ಬೇಡ ಎಂದು ಎದ್ದು ಬಂದೆ.

ಮೂರನೇ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು. ಕಂಪನಿಯ ಸೀಲು, ಪೈಪ್ ಕೂರುವ ತೂತುಗಳಿಗೆ ಪ್ಲಾಸ್ಟಿಕ್ ಬಿರಡೆ, ಹೊಸ ಗ್ರೊಮೆಟ್ ರಬ್ಬರುಗಳು, ಎಲ್ಲ ಇವೆ. ಪೈಪಿನ ತುದಿ ಕೂರುವ ಜಾಗವನ್ನೂ ನೋಡಿಕೊಂಡೆ. ಪೈಪಿನ ತುದಿ ಮಡಿಚಿ ಅಗಲಿಸುವ ಬಗೆಯಲ್ಲಿ ಎರಡಿವೆ, ಒಂದರ ಜಾಗಕ್ಕೆ ಇನ್ನೊಂದು ಬಂದರೆ ಎಷ್ಟು ಬಿಗಿದರೂ ಸೋರುವುದು ನಿಲ್ಲುವುದಿಲ್ಲ.

27 ಜುಲೈ, ಭಾನುವಾರ

ಗ್ಯಾರೇಜಿಗೆ ರಜೆ. ಮಳೆ ಸ್ವಲ್ಪ ಹೊಳವಾಗಿತ್ತು, ತೋಟದ ಕಡೆ ಹೋಗಿ ಬಂದೆ.

ಗಾಡಿಗೆ ಡಾಟ್ 4 ಬ್ರೇಕ್ ಆಯಿಲ್ ತಂದಿದ್ದೇನೆ, ಅರ್ಧ ಲೀಟರಿನ ಸಣ್ಣ ಬಾಟಲಿಗಳು. ದೊಡ್ಡ ಡಬ್ಬ ಅಗ್ಗ ಬೀಳುತ್ತದೆ, ಆದರೆ ನಮ್ಮೂರಿನ ಮಳೆಗಾಲದಲ್ಲಿ ಒಮ್ಮೆ ಬಾಯಿ ತೆರೆದ ಡಬ್ಬವನ್ನು ನಾನು ಬ್ರೇಕಿಗೆ ಮತ್ತೆ ಬಳಸುವುದಿಲ್ಲ. ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ತಾನಾಗಿ ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೂರಕ್ಕೆ ಮೂರೂವರೆ ಚಿಲ್ಲರೆ ಭಾಗ ನೀರು ಸೇರಿದರೆ ಅದು 155ಕ್ಕೆ ಇಳಿಯಬಹುದು. ಡಾಟ್ 3 ಆದರೆ 205 ಮತ್ತು 140. ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಲೋಡ್ ಹಾಕಿಕೊಂಡು ಬ್ರೇಕಿನ ಮೇಲೇ ಇಳಿದರೆ ಡಿಸ್ಕಿನ ಹತ್ತಿರ ಆ ಶಾಖ ಹುಟ್ಟುವುದು ಏನೂ ಅತಿಶಯವಲ್ಲ. ಆಯಿಲ್ ಕುದಿದು ಆವಿಯಾದರೆ ಪೈಪಿನಲ್ಲಿ ಗುಳ್ಳೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲು ಒತ್ತಿದ್ದೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ, ಚಕ್ರಕ್ಕೆ ಏನೂ ಮುಟ್ಟುವುದಿಲ್ಲ. ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ರಸ್ತೆಯಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಿ ಅಂತ ಹೇಳಿ ಹೇಳಿ ಸಾಕಾಗಿದೆ. ಇಂಜಿನ್ ಆಯಿಲನ್ನು ತಪ್ಪದೆ ಬದಲಿಸುವವರೇ ಇದನ್ನು ಮರೆಯುತ್ತಾರೆ.

28 ಜುಲೈ, ಸೋಮವಾರ

ಇವತ್ತು ವೈಸಿನ ಮೇಲಿನ ಕೆಲಸ. ಈ ಕೆಲಸಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಬಿಲ್ಲಿನಲ್ಲಿ ಬರೆಯಲು ಹೆಸರೂ ಇಲ್ಲ. ಹೊಸ ಸಿಲಿಂಡರನ್ನು ಪೆಟ್ಟಿಗೆಯಿಂದ ತೆಗೆದು ನೇರ ಗಾಡಿಗೆ ಬಿಗಿದು, ಪೆಡಲ್ ಒದ್ದು ಒದ್ದು ಏರ್ ತೆಗೆಯುವವರೇ ಜಾಸ್ತಿ. ಈ ಗಾಡಿಯಲ್ಲಿ ಸಿಲಿಂಡರಿನ ಮೂತಿ ಸ್ವಲ್ಪ ಮೇಲಕ್ಕೆ ಎದ್ದಿರುತ್ತದೆ. ಒಳಗಿನ ಗಾಳಿ ಹೋಗಿ ಆ ಮೂಲೆಯಲ್ಲಿ ಕೂತರೆ ಚಕ್ರದ ನಿಪ್ಪಲಿನಿಂದ ಎಷ್ಟು ಆಯಿಲ್ ಬಿಟ್ಟರೂ ಅದು ಅಲ್ಲೇ. ಮೇಲಕ್ಕೆ ಏರುವುದು ಗಾಳಿಯ ಗುಣ, ಅದನ್ನು ಕೆಳಗಿನ ಚಕ್ರದವರೆಗೆ ದಬ್ಬಿಕೊಂಡು ಹೋಗುವುದಕ್ಕಿಂತ ಮೇಲೆಯೇ ಬಿಡುಗಡೆ ಮಾಡುವುದು ಸುಲಭ.

ಟೇಬಲ್ ಒರೆಸಿ, ನೂಲು ಬಿಡುವ ಬನಿಯನ್ ವೇಸ್ಟನ್ನು ದೂರ ಇಟ್ಟು, ಒಗೆದ ಬಿಳಿ ಬಟ್ಟೆ ಹಾಸಿದೆ. ಹುಡುಗನಿಗೆ ಸೋಪು ಹಾಕಿ ಕೈ ತೊಳೆಯಲು ಹೇಳಿದೆ. ಗ್ರೀಸು, ಡೀಸೆಲ್, ಸೀಮೆಎಣ್ಣೆ ಯಾವುದೂ ಈ ರಬ್ಬರಿಗೆ ಆಗುವುದಿಲ್ಲ. ಹಳೇ ಟ್ಯಾಂಕಿಯ ತಳದಲ್ಲಿ ಕಪ್ಪು ಗಸಿ ಕೂತಿತ್ತು. ಸ್ಪಿರಿಟ್ಟಿನಲ್ಲಿ ತೊಳೆದು ಪೂರ್ತಿ ಒಣಗಿಸಿದೆವು. ಹೊಸ ಗ್ರೊಮೆಟ್ಟಿಗೆ ಹೊಸ ಬ್ರೇಕ್ ಆಯಿಲನ್ನೇ ಸವರಿ, ಟ್ಯಾಂಕಿಯನ್ನು ಆಚೆ ಈಚೆ ಅಲ್ಲಾಡಿಸುತ್ತ ಅಂಗೈಯಿಂದ ಒತ್ತಿ ಕೂರಿಸಿದೆ. ಸುತ್ತಿಗೆ ಮುಟ್ಟಲಿಲ್ಲ.

ವೈಸಿನ ಬಾಯಿಗೆ ಮರದ ತುಂಡು ಕೊಟ್ಟು ಸಿಲಿಂಡರಿನ ಫ್ಲ್ಯಾಂಜನ್ನು ಮಾತ್ರ ಹಿಡಿಸಿದೆ. ಮೈಯನ್ನು ಹಿಡಿದು ಬಿಗಿದರೆ ಅಲ್ಯೂಮಿನಿಯಂ ಅದುಮಿ ಬೋರ್ ಗುಂಡಗೆ ಉಳಿಯುವುದಿಲ್ಲ. ಆಯಿಲ್ ಹೊರಬರುವ ಎರಡು ತೂತಿಗೂ ಹಳೇ ಪೈಪಿನ ನಟ್ಟು ಸಮೇತ ಕತ್ತರಿಸಿ ಬಗ್ಗಿಸಿಟ್ಟ ತುಂಡುಗಳನ್ನು ಹಾಕಿ, ಅವುಗಳ ಇನ್ನೊಂದು ತುದಿಯನ್ನು ಟ್ಯಾಂಕಿಯೊಳಗೆ ಆಯಿಲಿನಲ್ಲಿ ಮುಳುಗುವಂತೆ ಇಳಿಬಿಟ್ಟೆ. ಒತ್ತಿದಾಗ ಸಿಲಿಂಡರಿನಿಂದ ಹೊರಟದ್ದು ಟ್ಯಾಂಕಿಗೇ ಬರುತ್ತದೆ, ಬಿಟ್ಟಾಗ ಎಳೆದುಕೊಂಡರೂ ಆಯಿಲನ್ನೇ ಎಳೆದುಕೊಳ್ಳುತ್ತದೆ. ತುದಿ ಮುಳುಗಿರುವುದೇ ಇಲ್ಲಿನ ಗುಟ್ಟು.

ಪಿಸ್ಟನ್ನಿಗೆ ತುದಿ ಉರುಟಾದ ಸರಳು ಕೊಟ್ಟು ಹುಡುಗನಿಗೆ ಬಿಟ್ಟೆ. ಪಂಪ್ ಹೊಡೆಯುವ ಹಾಗೆ ಹೊಡೆಯತೊಡಗಿದ.

"ಮೆಲ್ಲಗೆ ಮಾರಾಯ. ಒತ್ತುವಾಗಲೂ ಮೆಲ್ಲಗೆ, ಬಿಡುವಾಗ ಅದಕ್ಕಿಂತ ಮೆಲ್ಲಗೆ."

"ಬಿಡುವಾಗ ಎಂತಕ್ಕೆ ಅಣ್ಣ? ಸ್ಪ್ರಿಂಗು ತಾನೇ ತಳ್ತದಲ."

"ಸ್ಪ್ರಿಂಗು ಜಗ್ಗಿ ವಾಪಸ್ ಬಂದ್ರೆ ಆಯಿಲ್ ಅಷ್ಟು ಬೇಗ ಹಿಂದೆ ಬರಲ್ಲ. ಬಕೆಟಿನ ಅಂಚಲ್ಲಿ ಸಂದು ಬಿಟ್ಟು ಗಾಳಿ ಎಳ್ಕೊಳ್ತದೆ. ನೀ ತೆಗೀತಾ ಇರೋದನ್ನ ನೀನೇ ತುಂಬಿಸ್ತಾ ಇದೀಯ."

ಸರಳು ಅವನ ಕೈಯಲ್ಲಿರುವಂತೆಯೇ ಅದರ ಮೇಲೆ ನನ್ನ ಕೈಯಿಟ್ಟು ಒತ್ತಿ ತೋರಿಸಿದೆ. ತುದಿ ಮುಟ್ಟಿದ ಮೇಲೆ ಒಂದು ಕ್ಷಣ ಹಿಡಿ, ಬಿಡುತ್ತಾ ಬಾ, ಹಿಂದೆ ಬಂದ ಮೇಲೆ ಆಯಿಲ್ ತುಂಬಲು ನಿಲ್ಲು. ಅವನ ಕೈ ಹದಕ್ಕೆ ಬಂತು. ಟ್ಯಾಂಕಿಯಲ್ಲಿ ಮೊದಲು ಬಿಳಿ ನೊರೆ ಉಕ್ಕಿತು, ಆಮೇಲೆ ದೊಡ್ಡ ಗುಳ್ಳೆಗಳು ಬುಳುಕ್ ಬುಳುಕ್ ಎಂದು ಬಂದು ಒಡೆದವು. ಸ್ವಲ್ಪ ಹೊತ್ತಿಗೆ ಮುಂದಿನ ಪೈಪಿನಿಂದ ಸ್ವಚ್ಛ ಆಯಿಲ್, ಹಿಂದಿನದರಿಂದ ಮಾತ್ರ ಸಣ್ಣ ಗುಳ್ಳೆಗಳ ಸಾಲು ನಿಲ್ಲಲೊಲ್ಲದು. ಸುತ್ತಿಗೆಯ ಮರದ ಹಿಡಿಯಿಂದ ಸಿಲಿಂಡರಿನ ಮೈಗೆ ತಟ್ಟಿದೆ, ವೈಸ್ ಸಡಿಲಿಸಿ ಮೂತಿಯನ್ನು ಒಮ್ಮೆ ಕೆಳಗೆ ಒಮ್ಮೆ ಮೇಲೆ ಓರೆ ಮಾಡಿಸಿದೆ. ಎಲ್ಲೋ ಅಂಟಿಕೊಂಡಿದ್ದ ಒಂದು ದೊಡ್ಡ ಗುಳ್ಳೆ ಕಳಚಿ ಮೇಲೆ ಬಂತು. ಅದರ ನಂತರ ಎರಡೂ ಶುಭ್ರ.

ಆಮೇಲೆ ಅವನಿಗೊಂದು ನೋಟ ತೋರಿಸಿದೆ. ಪೈಪಿನ ತುಂಡುಗಳನ್ನು ತೆಗೆದು ತೂತುಗಳಿಗೆ ಬಿರಡೆ ಬಿಗಿದು, ಪಿಸ್ಟನ್ನನ್ನು ತೀರಾ ಸ್ವಲ್ಪ ಮುಂದೆ ತಳ್ಳಿದರೆ ಟ್ಯಾಂಕಿಯ ತಳದಿಂದ ಆಯಿಲ್ ಸಣ್ಣಗೆ ಚಿಮ್ಮುತ್ತದೆ. ಅಲ್ಲಿ ಸೂಜಿ ನುಗ್ಗುವಷ್ಟು ಸಣ್ಣ ರಂಧ್ರ ಇದೆ. ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಅದು ತೆರೆದುಕೊಂಡು, ಬಿಸಿಗೆ ಉಬ್ಬಿದ ಆಯಿಲನ್ನು ಟ್ಯಾಂಕಿಗೆ ವಾಪಸ್ ಬಿಡುತ್ತದೆ. ಪಿಸ್ಟನ್ ಮುಂದೆ ಸರಿದಾಗ ಬಕೆಟ್ ಅದನ್ನು ದಾಟುತ್ತದೆ, ಒತ್ತಡ ಹುಟ್ಟುವುದೇ ಅಲ್ಲಿಂದ. ಚಿಮ್ಮಿದ್ದು ನಿಂತಿತು, ಪಿಸ್ಟನ್ನೂ ನಿಂತಿತು. "ಇನ್ನು ಒತ್ತು" ಎಂದೆ. ಅವನು ಎದೆ ಕೊಟ್ಟು ಒತ್ತಿದರೂ ಮುಂದೆ ಹೋಗಲಿಲ್ಲ. ಒಳಗೆ ಗಾಳಿ ಉಳಿದಿದ್ದರೆ ಮೆತ್ತಗೆ ಸರಿಯುತ್ತಿತ್ತು.

"ಇಷ್ಟು ಗಟ್ಟಿ ಆಗ್ತದೆ ಅಂತ ಗೊತ್ತಿರ್ಲಿಲ್ಲ ಅಣ್ಣ" ಎಂದ. ಈ ಕೈ ನೆನಪು ಅವನಿಗೆ ಎಷ್ಟೋ ಕಾಲ ಇರುತ್ತದೆ, ಪುಸ್ತಕದಲ್ಲಿ ಓದಿ ಬರುವುದಲ್ಲ ಅದು. ಬಿರಡೆ ಹಾಗೇ ಇಟ್ಟು ಮುಚ್ಚಳ ಹಾಕಿ, ಬಟ್ಟೆ ಸುತ್ತಿ ನೆಟ್ಟಗೆ ನಿಲ್ಲಿಸಿದ್ದೇನೆ. ನಾಳೆ ಕೆಲಸವಿಲ್ಲ, ಅಷ್ಟರಲ್ಲಿ ಉಳಿದ ಪುಡಿ ಗುಳ್ಳೆಗಳೂ ಮೇಲೆ ಬರಲಿ.

29 ಜುಲೈ, ಮಂಗಳವಾರ

ನಾಗರಪಂಚಮಿ. ಬನಕ್ಕೆ ಹೋಗಿ ಹಾಲೆರೆದು ಬಂದೆವು. ಗ್ಯಾರೇಜು ತೆಗೆಯಲಿಲ್ಲ.

30 ಜುಲೈ, ಬುಧವಾರ

ಬೂಸ್ಟರಿನೊಳಗೆ ಸೋರಿ ನಿಂತಿದ್ದ ಆಯಿಲನ್ನು ಸಿರಿಂಜಿಗೆ ಟ್ಯೂಬ್ ಹಾಕಿ ಎಳೆದೆ. ಬೂಸ್ಟರ್ ಸದ್ಯ ಕೆಟ್ಟಿಲ್ಲ. ಪುಶ್ ರಾಡಿನ ಉದ್ದವನ್ನು ಹಳೇ ಪಿಸ್ಟನ್ನಿನ ಗುಳಿಗೂ ಹೊಸದಕ್ಕೂ ಅಳೆದು ಹೋಲಿಸಿದೆ. ರಾಡ್ ಒಂದಿಷ್ಟು ಉದ್ದವಾದರೂ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಮೊನ್ನೆ ಹುಡುಗನಿಗೆ ತೋರಿಸಿದ ಆ ರಂಧ್ರ ಮುಚ್ಚಿಯೇ ಇರುತ್ತದೆ. ಆಗ ಓಡುತ್ತ ಓಡುತ್ತ ಬ್ರೇಕ್ ತಾನಾಗಿ ಜಾಮ್ ಆಗುತ್ತದೆ. ಗಿಡ್ಡವಾದರೆ ಪೆಡಲಿನಲ್ಲಿ ಆಟ ಜಾಸ್ತಿ. ಎರಡೂ ಗುಳಿಯ ಆಳ ಒಂದೇ ಇತ್ತು, ಮುಟ್ಟದೆ ಬಿಟ್ಟೆ.

ಸಿಲಿಂಡರನ್ನು ಬೂಸ್ಟರಿಗೆ ಸಡಿಲಾಗಿ ತಗುಲಿಸಿ, ಬಿರಡೆ ತೆಗೆದ ಕೂಡಲೇ ಪೈಪ್ ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿ ಹತ್ತಿಸಿದೆ. ಬೆರಳಿಗೆ ಬಾರದ ಥ್ರೆಡ್ಡನ್ನು ಸ್ಪ್ಯಾನರಿಗೆ ಕೊಡಬಾರದು, ಮೆತ್ತಗಿನ ಅಲ್ಯೂಮಿನಿಯಂ ಒಂದೇ ಸಲಕ್ಕೆ ಹೋಗುತ್ತದೆ. ಎಲ್ಲ ಹತ್ತಿದ ಮೇಲೆ ಬಿಗಿದದ್ದು.

ಹಿಂದಿನ ಆಕ್ಸಲಿನ ಮೇಲಿನ ಸ್ಟೀಲ್ ಪೈಪು ಉಪ್ಪಿಗೆ ಹೊಪ್ಪಳೆ ಎದ್ದಿತ್ತು, ಅದನ್ನೂ ಹೊಸದು ಮಾಡಿದೆವು.

ಏರ್ ತೆಗೆಯುವುದಕ್ಕೆ ಗಾಡಿಯನ್ನು ಜಾಕಿಗೆ ಎತ್ತದೆ ಗುಂಡಿಯ ಮೇಲೆ ನಿಲ್ಲಿಸಿದೆ. ಲೋಡ್ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ವಾಲ್ವು ಆಕ್ಸಲಿನ ಹತ್ತಿರ ಇದೆ. ಚಕ್ರ ಜೋತು ಬಿದ್ದರೆ ಗಾಡಿ ಖಾಲಿ ಎಂದುಕೊಂಡು ಅದು ದಾರಿ ಕಿರಿದು ಮಾಡುತ್ತದೆ, ಆಯಿಲ್ ಸರಿಯಾಗಿ ಬರುವುದಿಲ್ಲ. ಎಬಿಎಸ್ ಇಲ್ಲದ ಹಳೇ ಗಾಡಿಯಾದ್ದರಿಂದ ಕಂಪ್ಯೂಟರ್ ಹಚ್ಚುವ ತಾಪತ್ರಯವಿಲ್ಲ. ದೂರದ ಎಡ ಹಿಂಬದಿಯಿಂದ ಶುರು, ಆಮೇಲೆ ಬಲ ಹಿಂಬದಿ, ಎಡ ಮುಂಬದಿ, ಕೊನೆಗೆ ಬಲ ಮುಂಬದಿ. "ಒತ್ತು... ಹಿಡ್ಕೋ... ಬಿಡು." ನಿಪ್ಪಲಿನ ಟ್ಯೂಬಿನಲ್ಲಿ ಡಿಕಾಕ್ಷನ್ ಬಣ್ಣ ಹೋಗಿ ಹೊಂಬಣ್ಣ ಬರುವವರೆಗೆ ಬಿಟ್ಟೆವು. ಮಾಸ್ಟರಿನ ಗಾಳಿ ಮೊದಲೇ ತೆಗೆದಿದ್ದರಿಂದ ಊಟದ ಹೊತ್ತಿಗೆ ಎಲ್ಲ ಮುಗಿಯಿತು.

ಇಂಜಿನ್ ನಿಲ್ಲಿಸಿ ಪೆಡಲನ್ನು ಕೆಲವು ಸಲ ಒತ್ತಿ ಬೂಸ್ಟರ್ ಖಾಲಿ ಮಾಡಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದೆ. ಪೆಡಲ್ ಸ್ವಲ್ಪ ಇಳಿದು ನಿಂತಿತು. ಬೂಸ್ಟರ್ ಕೆಲಸ ಮಾಡುತ್ತಿದೆ. ಆಮೇಲೆ ಅದೇ ಹಳೇ ಪರೀಕ್ಷೆ, ಹದವಾಗಿ ಒತ್ತಿ ಹಿಡಿಯುವುದು. ಈ ಸಲ ಕಾಲು ಸೋತಿತು, ಪೆಡಲ್ ಇಳಿಯಲಿಲ್ಲ.

31 ಜುಲೈ, ಗುರುವಾರ

ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಗುಂಬೆಗೆ ಹೋದೆ. ಹಿಂದೆ ಜಲ್ಲಿ ಚೀಲಗಳ ಲೋಡು. ಘಾಟಿಯ ತಲೆಯಲ್ಲಿ ನಿಲ್ಲಿಸಿ, ಪೆಡಲ್ ಒತ್ತಿ, ನೆಲದಿಂದ ಅದರ ಎತ್ತರವನ್ನು ಸ್ಟೀಲ್ ಪಟ್ಟಿಯಲ್ಲಿ ಅಳೆದು ಗುರುತು ಹಾಕಿಕೊಂಡೆ. ಮಂಜು ರಸ್ತೆಗೇ ಇಳಿದಿತ್ತು. ಎರಡನೇ ಗೇರಿನಲ್ಲಿ, ಇಂಜಿನ್ ಹಿಡಿತದ ಮೇಲೆ, ತಿರುವುಗಳಲ್ಲಿ ಮಾತ್ರ ಬ್ರೇಕ್. ಎಷ್ಟೇ ಒಳ್ಳೆಯ ಬ್ರೇಕ್ ಇದ್ದರೂ ಘಾಟಿಯಲ್ಲಿ ಇಳಿಯುವ ರೀತಿ ಇದೇ ಎಂದು ಅವರಿಗೆ ಹೇಳುತ್ತಲೇ ಇಳಿದೆ. ಅವರು ಹೂಂ ಎನ್ನುತ್ತ ನನ್ನ ಕಾಲನ್ನೇ ನೋಡುತ್ತಿದ್ದರು.

ಘಾಟಿಯ ಬುಡದ ಸೋಮೇಶ್ವರದಲ್ಲಿ ನಿಲ್ಲಿಸಿ ಮತ್ತೆ ಅಳೆದೆ. ಗುರುತು ಬಿಟ್ಟು ಕದಲಿರಲಿಲ್ಲ. ಕೆಳಗೆ ಬಗ್ಗಿ ಹೊಸ ಪೈಪಿನ ಎರಡೂ ತುದಿ, ಬೂಸ್ಟರಿನ ಕೂಡು, ನಾಲ್ಕು ನಿಪ್ಪಲು ಮುಟ್ಟಿ ನೋಡಿದೆ. ಒಂದರಲ್ಲೂ ಆಯಿಲ್ ಪಸೆಯಿಲ್ಲ. ವಾಪಸ್ ಬರುವಾಗ ಸ್ಟೀರಿಂಗು ಅವರ ಕೈಗೆ ಕೊಟ್ಟೆ.

ಟ್ಯಾಂಕಿಯ ಮೇಲೆ ಇವತ್ತಿನ ತಾರೀಕು, "ಡಾಟ್ 4" ಎಂದು ಬರೆದ ಚೀಟಿ ಅಂಟಿಸಿದ್ದೇನೆ. ಮಲ್ಪೆಯಿಂದ ಬಂದಾಗಲೆಲ್ಲ ಗಾಡಿಯ ಅಡಿಗೆ ಸಿಹಿನೀರು ಹೊಡೆಯಬೇಕು, ಮೊದಲ ಒಂದು ವಾರ ದಿನಾ ಬೆಳಿಗ್ಗೆ ಟ್ಯಾಂಕಿಯ ಮಟ್ಟ ನೋಡಬೇಕು, ಇಳಿದರೆ ಸುರಿದು ಸುಮ್ಮನಾಗದೆ ಇಲ್ಲಿಗೆ ತರಬೇಕು ಎಂದೆ. ಆಗಲಿ ಎಂದರು. ಅರ್ಧ ದುಡ್ಡು ಈಗ ಕೊಟ್ಟಿದ್ದಾರೆ, ಉಳಿದದ್ದು ಮೊದಲ ಮೀನು ಮಾರಿದ ಮೇಲೆ.